ಮೇಲ್ಮೈ ಸುಮ್ಮನಿರುವುದಿಲ್ಲ

ಅನಿಲದ ಒತ್ತಡ ಹೆಚ್ಚಿಸಿದರೆ ರಂಧ್ರಗಳಿರುವ ಘನವಸ್ತು ಇನ್ನಷ್ಟು ಅನಿಲವನ್ನು ಹಿಡಿದುಕೊಳ್ಳಬೇಕು. ಪಿಯುಸಿ ರಸಾಯನಶಾಸ್ತ್ರ ಓದಿದವರಿಗೆ ಗೊತ್ತಿರುವ ಪಾಠ ಇದು, ಓದದವರ ಅಂದಾಜೂ ಇದೇ. ಜರ್ಮನಿಯ ಡ್ರೆಸ್ಡನ್ ತಾಂತ್ರಿಕ ವಿಶ್ವವಿದ್ಯಾಲಯದ ಸ್ಟೆಫಾನ್ ಕಾಸ್ಕೆಲ್ ಅವರ ತಂಡ 2016ರಲ್ಲಿ ಇದಕ್ಕೆ ತದ್ವಿರುದ್ಧವಾದ ಸಂಗತಿಯೊಂದನ್ನು ವರದಿ ಮಾಡಿತು. ತಾಮ್ರದ ಪರಮಾಣುಗಳನ್ನು ಸಾವಯವ ಸರಳುಗಳಿಂದ ಜೋಡಿಸಿ ಕಟ್ಟಿದ ಡಿಯುಟಿ-49 ಎಂಬ ಹರಳಿಗೆ, ಸೊನ್ನೆಗಿಂತ 160 ಡಿಗ್ರಿಗೂ ಕೆಳಗಿನ ಚಳಿಯಲ್ಲಿ, ಅವರು ಮೀಥೇನ್ ಉಣಿಸುತ್ತ ಹೋದರು. ಮೊದಮೊದಲು ಎಲ್ಲ ಪಾಠದಂತೆಯೇ ನಡೆಯಿತು. ಒತ್ತಡ ಒಂದು ಮಟ್ಟ ದಾಟಿದ್ದೇ ತಡ, ಹರಳು ತಟ್ಟನೆ ಕುಗ್ಗಿ, ಒಳಗಿದ್ದ ಮೀಥೇನಿನ ಒಂದು ಪಾಲನ್ನು ಹೊರಕ್ಕೆ ತಳ್ಳಿಬಿಟ್ಟಿತು. ಒತ್ತಡ ಏರುತ್ತಿದೆ, ಹಿಡಿದ ಅನಿಲ ಇಳಿಯುತ್ತಿದೆ.

ಉಷ್ಣಗತಿಶಾಸ್ತ್ರದ ಯಾವ ನಿಯಮವೂ ಇಲ್ಲಿ ಮುರಿದುಬಿದ್ದಿಲ್ಲ. ತುಂಬಿದ ರಂಧ್ರಗಳ ಹರಳು ಅಷ್ಟು ಹೊತ್ತೂ ಅರೆಸ್ಥಿರ ಸ್ಥಿತಿಯಲ್ಲೇ ತಡೆದುಕೊಂಡಿತ್ತು. ಸರಳುಗಳು ಬಾಗಿದಾಗ ಸಣ್ಣ ರಂಧ್ರಗಳ, ಆದರೆ ಅಣುಗಳನ್ನು ಇನ್ನೂ ಬಿಗಿಯಾಗಿ ಹಿಡಿಯುವ ರೂಪಕ್ಕೆ ಜಾರಿತು. ಜಾಗ ಕಡಿಮೆಯಾದ್ದರಿಂದ ಉಳಿದ ಅಣುಗಳು ಹೊರಬಿದ್ದವು. ವಿವರಣೆ ಕೊಟ್ಟ ಮೇಲೆ ಸರಳವೆನ್ನಿಸುತ್ತದೆ. ಆದರೆ ಮೇಲ್ಮೈಗೆ ಅಣುಗಳು ಅಂಟುವುದನ್ನು ಅಧ್ಯಯನ ಮಾಡುವ ಕ್ಷೇತ್ರದಲ್ಲಿ ಅತಿ ಹೆಚ್ಚು ಬಳಕೆಯಲ್ಲಿರುವ ಸಮೀಕರಣಕ್ಕೆ ಇಂಥದ್ದೊಂದನ್ನು ಹೇಳುವ ಶಕ್ತಿಯೇ ಇಲ್ಲ. ಅದರ ಅಂಕಿಗಳನ್ನು ಹೇಗೆ ತಿದ್ದಿದರೂ ಒತ್ತಡ ಏರಿದಾಗ ಹಿಡಿತ ಇಳಿಯುವ ಗೆರೆ ಬರುವುದಿಲ್ಲ. ಕಾರಣ, ಅಣು ಬಂದು ಕೂರುವ ಜಾಗ ತಾನೂ ಬದಲಾಗಬಹುದು ಎಂಬ ಮಾತಿಗೆ ಅಲ್ಲಿ ಅವಕಾಶವನ್ನೇ ಇಟ್ಟಿಲ್ಲ.

ಆ ಸಮೀಕರಣ ಅರ್ವಿಂಗ್ ಲ್ಯಾಂಗ್ಮ್ಯೂರ್‌ನದು. ಅಮೆರಿಕದ ಸ್ಕೆನೆಕ್ಟಡಿಯಲ್ಲಿದ್ದ ಜನರಲ್ ಎಲೆಕ್ಟ್ರಿಕ್ ಪ್ರಯೋಗಾಲಯದಲ್ಲಿ ಬಲ್ಬಿನ ಟಂಗ್‌ಸ್ಟನ್ ತಂತಿಯ ಜೊತೆ ಒದ್ದಾಡುತ್ತಿದ್ದ ಈ ವಿಜ್ಞಾನಿ, ಬಿಸಿ ತಂತಿಗೆ ಅನಿಲದ ಅಣುಗಳು ಹೇಗೆ ಅಂಟುತ್ತವೆ, ಹೇಗೆ ಬಿಡುತ್ತವೆ ಎಂದು ಯೋಚಿಸುತ್ತ 1916ರಿಂದ 1918ರ ನಡುವೆ ಒಂದು ಚಿತ್ರವನ್ನು ಕೊಟ್ಟ. ರಿಸರ್ವೇಶನ್ ಬಸ್ಸಿನ ಹಾಗೆ: ಸೀಟುಗಳ ಸಂಖ್ಯೆ ನಿಗದಿ, ಎಲ್ಲ ಸೀಟೂ ಒಂದೇ ಥರ, ಒಂದು ಸೀಟಿಗೆ ಒಬ್ಬರೇ, ಪಕ್ಕದಲ್ಲಿ ಯಾರಿದ್ದಾರೆ ಎಂಬುದು ಲೆಕ್ಕಕ್ಕಿಲ್ಲ. ಖಾಲಿ ಸೀಟು ಎಷ್ಟಿವೆಯೋ ಅದಕ್ಕೆ ತಕ್ಕಂತೆ ಹತ್ತುವವರು, ತುಂಬಿದ ಸೀಟಿಗೆ ತಕ್ಕಂತೆ ಇಳಿಯುವವರು. ಹತ್ತುವ ದರ, ಇಳಿಯುವ ದರ ಸರಿಸಮವಾದಾಗ ಸಮತೋಲನ. ಇಷ್ಟರಿಂದಲೇ ಮೊದಲು ಕಡಿದಾಗಿ ಏರಿ, ಆಮೇಲೆ ಚಪ್ಪಟೆಯಾಗುವ ಗೆರೆ ಸಿಗುತ್ತದೆ. 1932ರ ನೊಬೆಲ್ ಬಹುಮಾನ ಅವನ ಮೇಲ್ಮೈ ರಸಾಯನಶಾಸ್ತ್ರದ ಕೆಲಸಕ್ಕೇ ಸಂದದ್ದು.

ಲ್ಯಾಂಗ್ಮ್ಯೂರ್‌ನ ಪರವಾಗಿ ಒಂದು ಮಾತು ಹೇಳಲೇಬೇಕು. ಗಾಜು, ಅಭ್ರಕ ಮತ್ತು ಪ್ಲಾಟಿನಮ್ಮಿನ ಮೇಲೆ ಅನಿಲ ಅಂಟುವ ಬಗ್ಗೆ 1918ರಲ್ಲಿ ಬರೆದ ಲೇಖನದಲ್ಲಿ ಅವನು ಹಲವು ಬಗೆಯ ಸ್ಥಾನಗಳಿರುವ ಮೇಲ್ಮೈಗಳನ್ನೂ ಬೇರೆಬೇರೆಯಾಗಿ ಚರ್ಚಿಸಿದ್ದಾನೆ. ಪಠ್ಯಪುಸ್ತಕ ಉಳಿಸಿಕೊಂಡದ್ದು ಅತ್ಯಂತ ಸರಳವಾದ ಒಂದನ್ನು ಮಾತ್ರ. ಗುರುವಿಗಿದ್ದ ಎಚ್ಚರ ಶಿಷ್ಯರಿಗೆ ಇರಲಿಲ್ಲ.

ಆ ಮೂರರಲ್ಲಿ ಪ್ಲಾಟಿನಮ್ಮೇ ಮುಂದೆ ಈ ಚಿತ್ರವನ್ನು ಕೆಡಿಸಿದ್ದು. ಪ್ಲಾಟಿನಮ್ ಹರಳನ್ನು ಒಂದು ನಿರ್ದಿಷ್ಟ ದಿಕ್ಕಿನಲ್ಲಿ ಕತ್ತರಿಸಿದರೆ ಮೇಲ್ಪದರದ ಪರಮಾಣುಗಳು ಚೌಕಾಕಾರದಲ್ಲಿ, ಚದುರಂಗದ ಮಣೆಯ ಮನೆಗಳಂತೆ, ಕೂತಿರಬೇಕು. ಒಳಗಿನ ಪದರಗಳು ಹಾಗೆಯೇ ಇವೆ. ಬರ್ಕ್ಲಿಯಲ್ಲಿ ಗೇಬರ್ ಸೊಮೊರ್ಜಾಯ್ ಮತ್ತು ಜೊತೆಗಾರರು 1965ರಲ್ಲಿ ಎಲೆಕ್ಟ್ರಾನ್ ಕಿರಣ ಹಾಯಿಸಿ ನೋಡಿದಾಗ ಮೇಲ್ಪದರದ ಜೋಡಣೆ ಒಳಗಿನಂತೆ ಇಲ್ಲವೆಂದು ತಿಳಿಯಿತು. ಮೇಲೆ ನೆರೆಹೊರೆಯಿಲ್ಲದ ಪರಮಾಣುಗಳು ಒತ್ತೊತ್ತಾಗಿ ಸರಿದು ಷಟ್ಕೋನದ ಜೋಡಣೆ ಮಾಡಿಕೊಳ್ಳುತ್ತವೆ. ಆ ಪದರದಲ್ಲಿ ಚೌಕದ ಪದರಕ್ಕಿಂತ ಶೇಕಡಾ 20ರಷ್ಟು ಹೆಚ್ಚು ಪರಮಾಣುಗಳಿರುತ್ತವೆ. ಇದನ್ನು ಕಾಣಲು ಎಂಥ ನಿರ್ವಾತ ಬೇಕು ಎಂದರೆ, ವಾತಾವರಣದ ಒತ್ತಡವನ್ನು 76 ಕೋಟಿಯ ಒಂದು ಪಾಲಿಗೆ ಇಳಿಸಿದರೂ ಇಡೀ ಮೇಲ್ಮೈಯನ್ನು ಮುಚ್ಚುವಷ್ಟು ಅಣುಗಳು ಒಂದೇ ಸೆಕೆಂಡಿನಲ್ಲಿ ಬಂದು ಬಡಿಯುತ್ತವೆ. ಅದಕ್ಕಿಂತ ಇನ್ನೂ ಸಾವಿರಾರು ಪಟ್ಟು ಕಡಿಮೆ ಒತ್ತಡದಲ್ಲಿ ಮಾತ್ರ ಶುದ್ಧ ಮೇಲ್ಮೈಯನ್ನು ಗಂಟೆಗಟ್ಟಲೆ ಶುದ್ಧವಾಗಿ ಇಟ್ಟುಕೊಳ್ಳಬಹುದು.

ಈಗ ಆ ಷಟ್ಕೋನದ ಮೇಲ್ಮೈಗೆ ಕಾರ್ಬನ್ ಮೊನಾಕ್ಸೈಡ್ ಬಿಟ್ಟರೆ ಏನಾಗುತ್ತದೆ? ಕಾರಿನ ಹೊಗೆಯಲ್ಲಿರುವ, ಉಸಿರುಗಟ್ಟಿಸುವ ಅದೇ ಅನಿಲ. ಅದು ಚೌಕದ ಮೇಲ್ಮೈಗೆ ಷಟ್ಕೋನಕ್ಕಿಂತ ಬಿಗಿಯಾಗಿ ಅಂಟುತ್ತದೆ. ಹೀಗಾಗಿ ಸಾಕಷ್ಟು ಅಣುಗಳು ಸೇರಿಕೊಂಡ ಕಡೆ ಷಟ್ಕೋನ ಬಿಚ್ಚಿ ಚೌಕವಾಗುತ್ತದೆ. ಹೆಚ್ಚುವರಿಯಾದ ಪರಮಾಣುಗಳು ಮೇಲಕ್ಕೆ ಉಕ್ಕಿ ಸಣ್ಣ ಸಣ್ಣ ದಿಬ್ಬಗಳಾಗಿ ನಿಲ್ಲುತ್ತವೆ. ಅಣು ಬಂದು ತಾನು ಕೂರುವ ಜಾಗವನ್ನೇ ಬದಲಿಸಿತು. ಇದರ ಜೊತೆಗೆ ಆಮ್ಲಜನಕವನ್ನೂ ಬಿಟ್ಟರೆ ಸಂಗತಿ ಇನ್ನೂ ಸ್ವಾರಸ್ಯಕರವಾಗುತ್ತದೆ. ಷಟ್ಕೋನದ ಮೇಲೆ ಬಂದು ಬಡಿಯುವ ಆಮ್ಲಜನಕದ ಅಣುಗಳಲ್ಲಿ ಸಾವಿರಕ್ಕೆ ಒಂದು ಅಂಟಿದರೆ ಹೆಚ್ಚು. ಚೌಕದ ಮೇಲಾದರೆ ಹತ್ತಕ್ಕೆ ಒಂದಾದರೂ ಅಂಟುತ್ತದೆ. ಆದ್ದರಿಂದ ಚೌಕ ಮೂಡಿದೊಡನೆ ಆಮ್ಲಜನಕ ನುಗ್ಗುತ್ತದೆ, ಅಲ್ಲಿದ್ದ ಕಾರ್ಬನ್ ಮೊನಾಕ್ಸೈಡಿನ ಜೊತೆ ಸೇರಿ ಕಾರ್ಬನ್ ಡೈಆಕ್ಸೈಡ್ ಆಗಿ ಹಾರಿಹೋಗುತ್ತದೆ. ಅಣುಗಳು ಖಾಲಿಯಾದ ಚೌಕಕ್ಕೆ ನಿಲ್ಲುವ ಆಧಾರವಿಲ್ಲ. ಅದು ಮತ್ತೆ ಷಟ್ಕೋನವಾಗುತ್ತದೆ. ಆಮ್ಲಜನಕದ ಬಾಗಿಲು ಮುಚ್ಚುತ್ತದೆ. ಮತ್ತೆ ಕಾರ್ಬನ್ ಮೊನಾಕ್ಸೈಡ್ ಸೇರತೊಡಗುತ್ತದೆ, ಮತ್ತೆ ಮೊದಲಿನಿಂದ.

ಹೊರಗಿನಿಂದ ಒಳಬರುವ ಅನಿಲಗಳ ಒತ್ತಡ, ತಾಪ ಎರಡೂ ಒಂದಿಷ್ಟೂ ಬದಲಾಗದಿದ್ದರೂ ಹೊರಹೋಗುವ ಕಾರ್ಬನ್ ಡೈಆಕ್ಸೈಡಿನ ಪ್ರಮಾಣ ತಾನಾಗಿ ಏರುತ್ತ ಇಳಿಯುತ್ತ ಹೋಗುತ್ತದೆ. ಪ್ಲಾಟಿನಮ್ ಮೇಲೆ ಹೀಗೆ ಏರಿಳಿತಗಳಾಗುವುದನ್ನು ಜರ್ಮನಿಯಲ್ಲಿ 1970ರ ದಶಕದ ಆರಂಭದಲ್ಲೇ ಗಮನಿಸಿದ್ದರು. ಕಾರಣವನ್ನು ಬಿಡಿಸಿದ್ದು ಗೆರ್ಹಾರ್ಡ್ ಎರ್ಟ್ಲ್ ಮತ್ತು ಸಂಗಡಿಗರು, ಮೊದಲು ಮ್ಯೂನಿಕ್‌ನಲ್ಲಿ, 1986ರಿಂದ ಬರ್ಲಿನ್ನಿನ ಫ್ರಿಟ್ಜ್ ಹಾಬರ್ ಸಂಸ್ಥೆಯಲ್ಲಿ. 2007ರ ರಸಾಯನಶಾಸ್ತ್ರದ ನೊಬೆಲ್ ಎರ್ಟ್ಲ್ ಒಬ್ಬರಿಗೇ ಬಂತು. ಪ್ರಕಟಣೆಯಾದ ಅಕ್ಟೋಬರ್ 10 ಅವರ ಹುಟ್ಟುಹಬ್ಬವೂ ಆಗಿತ್ತು.

ನನ್ನ ಕಣ್ಣಿಗೆ ಈ ಕಥೆಯಲ್ಲಿ ಎಲ್ಲಕ್ಕಿಂತ ಮುಖ್ಯವಾಗಿ ಕಾಣುವುದು 1985ರಲ್ಲಿ ಇಂಬಿಲ್, ಕಾಕ್ಸ್, ಎರ್ಟ್ಲ್ ಮತ್ತಿತರರು ಕಟ್ಟಿದ ಮಾದರಿ. ಅದರಲ್ಲಿರುವುದು ನಾಲ್ಕೇ ನಾಲ್ಕು ಸಮೀಕರಣ. ಷಟ್ಕೋನದ ಮೇಲೆ ಎಷ್ಟು ಕಾರ್ಬನ್ ಮೊನಾಕ್ಸೈಡ್ ಇದೆ, ಚೌಕದ ಮೇಲೆ ಎಷ್ಟಿದೆ, ಚೌಕದ ಮೇಲೆ ಎಷ್ಟು ಆಮ್ಲಜನಕ ಇದೆ ಎಂಬುದಕ್ಕೆ ಮೂರು. ಇವು ಲ್ಯಾಂಗ್ಮ್ಯೂರ್ ಮನೆತನದವೇ, ಹತ್ತುವ ಇಳಿಯುವ ಲೆಕ್ಕದವು. ನಾಲ್ಕನೆಯದು ಅಣುಗಳನ್ನು ಕುರಿತದ್ದಲ್ಲ: ಒಟ್ಟು ಮೇಲ್ಮೈಯಲ್ಲಿ ಎಷ್ಟು ಪಾಲು ಈಗ ಚೌಕವಾಗಿದೆ ಎಂಬುದು. ಮೇಲ್ಮೈಗೇ ಒಂದು ಸಮೀಕರಣ ಕೊಟ್ಟ ಕೂಡಲೇ ಏರಿಳಿತ ತಾನಾಗಿ ಹೊಮ್ಮಿತು. ಅದನ್ನು ತೆಗೆದುಹಾಕಿದರೆ ಉಳಿದ ಮೂರನ್ನು ಎಷ್ಟು ಹಿಂಡಿದರೂ ಈ ಏರಿಳಿತದ ವಿವರಣೆ ಬರದು. ಪ್ಲಾಟಿನಮ್ಮಿನ ಇನ್ನೊಂದು ಮುಖಕ್ಕೆ 1992ರಲ್ಲಿ ಕ್ರಿಷರ್, ಐಸ್ವಿರ್ಟ್ ಮತ್ತು ಎರ್ಟ್ಲ್ ಮಾಡಿದ ಮಾದರಿಯಲ್ಲಿ ಸಮೀಕರಣಗಳು ಮೂರಕ್ಕೆ ಇಳಿದವು. ಆಗಲೂ ಅವುಗಳಲ್ಲಿ ಒಂದು ಮೇಲ್ಮೈಯದೇ.

ಹಾಗಂತ ಮೇಲ್ಮೈಯ ಸಮೀಕರಣವನ್ನು ಊಹೆಯಿಂದ ಬರೆಯಲಾಗದು. ಕೇಂಬ್ರಿಡ್ಜ್‌ನಲ್ಲಿ ಡೇವಿಡ್ ಕಿಂಗ್ ಅವರ ತಂಡ 1993ರಲ್ಲಿ ಷಟ್ಕೋನ ಬಿಚ್ಚಿ ಚೌಕವಾಗುವ ವೇಗವನ್ನು ಅಳೆಯಿತು. ಅಣುಗಳ ಸಂಖ್ಯೆ ಎರಡು ಪಟ್ಟಾದರೆ ವೇಗವೂ ಎರಡು ಪಟ್ಟಾದೀತು ಎಂದು ಯಾರಾದರೂ ಅಂದುಕೊಳ್ಳುತ್ತಾರೆ. ಅಳತೆ ಹೇಳಿದ್ದು ಬೇರೆ: ವೇಗ ಅಣುಗಳ ಸಾಂದ್ರತೆಯ ಸುಮಾರು 4.5ನೇ ಘಾತಕ್ಕೆ ತಕ್ಕಂತೆ ಏರುತ್ತದೆ. ಅಂದರೆ ಸಾಂದ್ರತೆ ಎರಡು ಪಟ್ಟಾದರೆ ವೇಗ 22 ಪಟ್ಟಿಗೂ ಮೇಲೆ. ಒಂಟಿ ಅಣುವಿನಿಂದ ಆಗುವ ಕೆಲಸ ಅದಲ್ಲ. ನಾಲ್ಕೈದು ಅಣುಗಳು ಒಂದೇ ಕಡೆ ಒಟ್ಟಿಗೆ ಬಿದ್ದಾಗ ಮಾತ್ರ ಕೆಳಗಿನ ಪರಮಾಣುಗಳು ಜಗ್ಗುತ್ತವೆ. ಪಕ್ಕದಲ್ಲಿ ಯಾರಿದ್ದಾರೆ ಎಂಬುದು ಲೆಕ್ಕಕ್ಕಿಲ್ಲ ಎಂದುಕೊಂಡ ಮಾದರಿಗೆ ಇದನ್ನು ಹೇಳಿಸುವುದು ಹೇಗೆ?

ಇಷ್ಟು ಓದಿದವರು, ಹಾಗಾದರೆ ಎಲ್ಲ ಕಡೆ ಮೇಲ್ಮೈಯ ಬದಲಾವಣೆಯನ್ನು ಸೇರಿಸಿಬಿಡೋಣ ಎನ್ನಬಹುದು. ನಾನು ಒಪ್ಪುವುದಿಲ್ಲ. ಯಾವಾಗ ಸೇರಿಸಬೇಕು, ಯಾವಾಗ ಬೇಡ ಎಂಬುದಕ್ಕೆ ಒಂದು ಒಳ್ಳೆಯ ಅಳತೆಗೋಲಿದೆ, ಅದು ಕಾಲ. ಅಂಟಿದ ಅಣು ಎಷ್ಟು ಹೊತ್ತು ಕೂತಿರುತ್ತದೆ? ಪ್ಲಾಟಿನಮ್ಮಿನಿಂದ ಕಾರ್ಬನ್ ಮೊನಾಕ್ಸೈಡನ್ನು ಕೀಳಲು ಮೋಲ್ ಒಂದಕ್ಕೆ 140 ಕಿಲೋಜೂಲ್ ಬೇಕು ಎಂದಿಟ್ಟುಕೊಳ್ಳೋಣ. ಅಣು ಸೆಕೆಂಡಿಗೆ ಒಂದರ ಮುಂದೆ 13 ಸೊನ್ನೆಯಷ್ಟು ಸಲ ಅಲುಗುತ್ತ ಪ್ರತಿ ಸಲವೂ ಬಿಡಿಸಿಕೊಳ್ಳಲು ನೋಡುತ್ತದೆ. ಲೆಕ್ಕ ಹಾಕಿದರೆ 27 ಡಿಗ್ರಿಯಲ್ಲಿ ಅದು ಸರಾಸರಿ ಏಳು ಸಾವಿರ ವರ್ಷಕ್ಕೂ ಹೆಚ್ಚು ಕಾಲ ಅಲ್ಲೇ ಕೂತಿರುತ್ತದೆ. 227 ಡಿಗ್ರಿಯಲ್ಲಿ ಮುಕ್ಕಾಲು ನಿಮಿಷ. 327 ಡಿಗ್ರಿಯಲ್ಲಿ ಸೆಕೆಂಡಿನ ಐದನೇ ಒಂದು ಭಾಗವೂ ಇಲ್ಲ. ಬೆಳಿಗ್ಗೆ ಕಾರು ಸ್ಟಾರ್ಟ್ ಮಾಡಿದ ಮೊದಲ ಒಂದೆರಡು ನಿಮಿಷ ಅದರ ಹೊಗೆ ಅಷ್ಟು ಕೆಟ್ಟದಾಗಿರಲು ಮುಖ್ಯ ಕಾರಣಗಳಲ್ಲಿ ಇದೂ ಒಂದು: ಹೊಗೆಯನ್ನು ಶುದ್ಧ ಮಾಡಬೇಕಾದ ಪರಿವರ್ತಕ ಇನ್ನೂ ತಣ್ಣಗಿರುವಾಗ ಅದರ ಪ್ಲಾಟಿನಮ್ಮನ್ನು ಕಾರ್ಬನ್ ಮೊನಾಕ್ಸೈಡ್ ಹಿಡಿದು ಕೂತಿರುತ್ತದೆ, ಆಮ್ಲಜನಕಕ್ಕೆ ಜಾಗವೇ ಸಿಗುವುದಿಲ್ಲ.

ಅಣು ಕೂತಿರುವ ಈ ಕಾಲ ಒಂದು ಗಡಿಯಾರವಾದರೆ, ಇನ್ನೊಂದು ಗಡಿಯಾರ ಮೇಲ್ಮೈಯದು. ಅದು ಅಣುವಿನ ಗಡಿಯಾರಕ್ಕಿಂತ ತೀರ ನಿಧಾನವಾದರೆ, ಉದಾಹರಣೆಗೆ ಪರಿವರ್ತಕದಲ್ಲಿ ಪ್ಲಾಟಿನಮ್ಮಿನ ಸಣ್ಣ ಕಣಗಳು ವರ್ಷಾನುಗಟ್ಟಲೆ ಬಿಸಿಗೆ ಒಂದಕ್ಕೊಂದು ಬೆಸೆದು ದಪ್ಪವಾಗುವಂತೆ, ಇವತ್ತಿನ ಮಟ್ಟಿಗೆ ಮೇಲ್ಮೈ ಸ್ಥಿರವೆಂದು ಹಿಡಿಯಬಹುದು. ಲ್ಯಾಂಗ್ಮ್ಯೂರ್ ಸಾಕು, ಸ್ಥಾನಗಳ ಸಂಖ್ಯೆಯನ್ನು ಆಗಾಗ ತಿದ್ದಿಕೊಂಡರಾಯಿತು. ತೀರ ವೇಗವಾದರೆ, ಮೇಲ್ಮೈ ಪ್ರತಿ ಕ್ಷಣವೂ ಅಣುಗಳ ಸಂಖ್ಯೆಗೆ ಹೊಂದಿಕೊಂಡೇ ಇರುತ್ತದೆ; ಅಂಟುವ ಶಕ್ತಿಯು ಅಣುಗಳ ಸಾಂದ್ರತೆಗೆ ತಕ್ಕಂತೆ ಬದಲಾಗುತ್ತದೆ ಎಂದು ಬರೆದರೆ ಮುಗಿಯಿತು. ತೊಂದರೆ ಬರುವುದು ಎರಡೂ ಗಡಿಯಾರ ಹೆಚ್ಚುಕಡಿಮೆ ಒಂದೇ ವೇಗದಲ್ಲಿ ಓಡಿದಾಗ. ಆಗ ಮೇಲ್ಮೈಗೆ ನೆನಪು ಎಂಬುದೊಂದು ಬರುತ್ತದೆ. ಈಗಿನ ಒತ್ತಡ, ಈಗಿನ ತಾಪ ಗೊತ್ತಿದ್ದರೂ ಸಾಲದು, ಸ್ವಲ್ಪ ಹೊತ್ತಿನ ಹಿಂದೆ ಅದು ಎಲ್ಲಿತ್ತು ಎಂದು ತಿಳಿಯಬೇಕು. ಒತ್ತಡ ಏರಿಸುತ್ತ ಹೋದಾಗ ಬರುವ ಗೆರೆ, ಇಳಿಸುತ್ತ ಬಂದಾಗಿನ ಗೆರೆಯ ಮೇಲೆ ಕೂರುವುದಿಲ್ಲ. ಪ್ಲಾಟಿನಮ್ಮಿನ ಏರಿಳಿತವೂ ಡ್ರೆಸ್ಡನ್ನಿನ ಹರಳೂ ಈ ಮೂರನೇ ಗುಂಪಿನವು. ಮೇಲ್ಮೈಗೆ ಪ್ರತ್ಯೇಕ ಸಮೀಕರಣ ಬೇಕಾಗುವುದು ಇಲ್ಲಿ ಮಾತ್ರ.

ಪ್ರತಿ ಪರಮಾಣುವಿನ ಚಲನೆಯನ್ನೂ ಕಂಪ್ಯೂಟರಿನಲ್ಲಿ ಹಾಕಿ ಓಡಿಸಿದರೆ ಇಂಥ ಆಯ್ಕೆಗಳ ಗೊಡವೆಯೇ ಇರುವುದಿಲ್ಲವಲ್ಲ ಎಂಬ ವಾದ ಈಗ ಜೋರಾಗಿದೆ. ಅದಕ್ಕೆ ಎರಡು ಅಡ್ಡಿ. ಪರಮಾಣುಗಳ ಚಲನೆಯ ಲೆಕ್ಕದಲ್ಲಿ ಒಂದು ಹೆಜ್ಜೆ ಎಂದರೆ ಸೆಕೆಂಡಿನ ಅತಿ ಸಣ್ಣ ಪಾಲಾದ ಫೆಮ್ಟೊಸೆಕೆಂಡಿನಷ್ಟು. ಒಂದು ನಿಮಿಷದ ಏರಿಳಿತ ನೋಡಲು ಆರರ ಮುಂದೆ 16 ಸೊನ್ನೆಯಷ್ಟು ಹೆಜ್ಜೆ ಇಡಬೇಕು. ಎರಡನೆಯದು ಇನ್ನೂ ಮುಜುಗರದ್ದು. ಪ್ಲಾಟಿನಮ್ಮಿನ ಅತ್ಯಂತ ಸರಳ ಮುಖದ ಮೇಲೆ ಕಾರ್ಬನ್ ಮೊನಾಕ್ಸೈಡ್ ಒಂದು ಪರಮಾಣುವಿನ ನೆತ್ತಿಯ ಮೇಲೆ ಕೂರುತ್ತದೆ ಎಂದು ಪ್ರಯೋಗ ಹೇಳುತ್ತದೆ; ಎಲ್ಲರೂ ನಂಬಿ ಬಳಸುತ್ತಿದ್ದ ಕ್ವಾಂಟಮ್ ಲೆಕ್ಕಾಚಾರಗಳು ಮೂರು ಪರಮಾಣುಗಳ ನಡುವಿನ ತಗ್ಗಿನಲ್ಲಿ ಕೂರುತ್ತದೆ ಎಂದವು. 2001ರಲ್ಲಿ ಹಲವು ತಂಡಗಳ ವಿಜ್ಞಾನಿಗಳು ಒಟ್ಟಾಗಿ ಇದನ್ನೊಂದು ಒಗಟೆಂದು ಬಹಿರಂಗವಾಗಿ ಒಪ್ಪಿಕೊಂಡು ಲೇಖನ ಬರೆದರು. ಆ ಪ್ರಾಮಾಣಿಕತೆ ನನಗೆ ಇಷ್ಟ. ಇಂಥ ಲೆಕ್ಕಗಳಲ್ಲಿ ಶಕ್ತಿಯ ತಪ್ಪು ಮೋಲಿಗೆ 10 ಕಿಲೋಜೂಲ್ ಇದ್ದರೆ ಚೆನ್ನಾಗಿದೆ ಎಂದೇ ಎಣಿಕೆ. ಆದರೆ 227 ಡಿಗ್ರಿಯಲ್ಲಿ ಅಷ್ಟು ಸಣ್ಣ ತಪ್ಪೇ ಅಣು ಬಿಟ್ಟುಹೋಗುವ ವೇಗವನ್ನು ಹನ್ನೊಂದು ಪಟ್ಟು ಅತ್ತಿತ್ತ ಮಾಡಿಬಿಡುತ್ತದೆ.

ಕಂಪ್ಯೂಟರ್ ಲೆಕ್ಕದ ಬಗ್ಗೆ ಇಷ್ಟು ಹೇಳಿ ಅದನ್ನು ಬದಿಗೆ ಸರಿಸುವುದು ಅನ್ಯಾಯ. ಬದಲಾಗುವ ಮೇಲ್ಮೈಯ ಬಗ್ಗೆ ಇತ್ತೀಚೆಗೆ ಬಂದ ಬಹಳ ದೊಡ್ಡ ಒಳನೋಟ ಅಲ್ಲಿಂದಲೇ ಬಂದದ್ದು. ಗಾಳಿಯ ಸಾರಜನಕವನ್ನು ಅಮೋನಿಯ ಮಾಡುವ ಹಾಬರ್-ಬಾಷ್ ವಿಧಾನದಲ್ಲಿ ಕೆಲಸ ಮಾಡುವುದು ಕಬ್ಬಿಣ. ನಮ್ಮ ಪಣಂಬೂರಿನ ಗೊಬ್ಬರದ ಕಾರ್ಖಾನೆಯ ಯೂರಿಯಾವೂ ಅಮೋನಿಯದಿಂದಲೇ ಆಗುವುದು. ಕಬ್ಬಿಣದ ಎಲ್ಲ ಮುಖಗಳೂ ಒಂದೇ ಅಲ್ಲ. ಒರಟಾದ ಒಂದು ಮುಖ ನುಣುಪಾದ ಇನ್ನೊಂದಕ್ಕಿಂತ ನಾನೂರಕ್ಕೂ ಹೆಚ್ಚು ಪಟ್ಟು ಚುರುಕು ಎಂದು ಸೊಮೊರ್ಜಾಯ್ ತಂಡ 1982ರಲ್ಲಿ ತೋರಿಸಿತ್ತು. ಲೋಹದ ಮೇಲೆ ಕೂತ ಸಾರಜನಕದ ಅಣುವಿನ ಸ್ವಭಾವವನ್ನು ಎಲೆಕ್ಟ್ರಾನ್ ರೋಹಿತದ ಮೂಲಕ ಅರಿಯುವ ಕೆಲಸ ಬೆಂಗಳೂರಿನಲ್ಲಿ ಸಿ.ಎನ್.ಆರ್. ರಾವ್ ಮತ್ತು ಸಂಗಡಿಗರಿಂದಲೂ ನಡೆದಿದೆ. ಇಲ್ಲೆಲ್ಲ ಮನಸ್ಸಿನಲ್ಲಿದ್ದ ಚಿತ್ರ, 1925ರಲ್ಲಿ ಹ್ಯೂ ಟೇಲರ್ ಹೇಳಿದಂತೆ, ಮೇಲ್ಮೈಯಲ್ಲಿ ಕೆಲವೇ ಕೆಲವು ಚುರುಕಾದ ತಾಣಗಳಿರುತ್ತವೆ ಎಂಬುದು. ಮಿಕೆಲೆ ಪ್ಯಾರಿನೆಲ್ಲೊ ಮತ್ತು ಜೊತೆಗಾರರು, ಯಂತ್ರಕಲಿಕೆಯಿಂದ ತಯಾರಿಸಿದ ಬಲಸೂತ್ರಗಳನ್ನು ಬಳಸಿ, ಕಾರ್ಖಾನೆಯಲ್ಲಿರುವಂಥ ತಾಪದಲ್ಲಿ ಆ ಒರಟು ಮುಖವನ್ನು ಓಡಿಸಿ ನೋಡಿ 2023ರಲ್ಲಿ ಪ್ರಕಟಿಸಿದ್ದು ಬೇರೆಯೇ ಚಿತ್ರ. ಮೇಲ್ಪದರದ ಕಬ್ಬಿಣದ ಪರಮಾಣುಗಳು ನಿಂತಲ್ಲಿ ನಿಲ್ಲುತ್ತಿರಲಿಲ್ಲ. ಚುರುಕಾದ ತಾಣಗಳು ಹುಟ್ಟುತ್ತ ಅಳಿಯುತ್ತ ಇದ್ದವು. ನಕ್ಷೆಯಲ್ಲಿ ಚುಕ್ಕಿ ಇಟ್ಟು ತೋರಿಸುವಂಥ ಜಾಗ ಅದಲ್ಲ, ಇಷ್ಟು ಹೊತ್ತಿಗೆ ಇಷ್ಟು ಸಲ ಎಂದು ಹೇಳಬಹುದಾದ ಸಂಭವ. ನೂರು ವರ್ಷಕ್ಕೂ ಹೆಚ್ಚು ಕಾಲ ಗೊಬ್ಬರದ ರೂಪದಲ್ಲಿ ಜಗತ್ತಿಗೆ ಅನ್ನ ಕೊಟ್ಟ ಕ್ರಿಯೆಯ ಬಗ್ಗೆ ಇದು ಈಗ ಗೊತ್ತಾಗುತ್ತಿದೆ.

ವಿವರ ಕಡಿಮೆಯಿದ್ದರೂ ದಾರಿ ತೋರಿಸುವ ಮಾದರಿಗಳಿವೆ ಎಂಬುದಕ್ಕೆ, ಕಾರ್ಬನ್ ಮೊನಾಕ್ಸೈಡ್ ಮತ್ತು ಆಮ್ಲಜನಕದ ಅದೇ ಕ್ರಿಯೆಗೆ ಝಿಫ್, ಗುಲಾರಿ, ಬರ್ಷದ್ ಎಂಬ ವಿಜ್ಞಾನಿಗಳು 1986ರಲ್ಲಿ ಕೊಟ್ಟ ಆಟದಂಥ ಮಾದರಿ ಸಾಕ್ಷಿ. ಚೌಕುಳಿ ಮಣೆ, ಕಾರ್ಬನ್ ಮೊನಾಕ್ಸೈಡಿಗೆ ಒಂದು ಮನೆ, ಆಮ್ಲಜನಕಕ್ಕೆ ಅಕ್ಕಪಕ್ಕದ ಎರಡು ಮನೆ, ಪಕ್ಕಪಕ್ಕ ಬಂದರೆ ಕೂಡಲೇ ಮಾಯ. ಮಣೆ ಬದಲಾಗುವುದಿಲ್ಲ, ಅಂಟಿದ ಅಣು ತಾನಾಗಿ ಬಿಡುವುದಿಲ್ಲ, ತಾಪವೆಂಬುದೇ ಇಲ್ಲ. ಆದರೂ ಅನಿಲದಲ್ಲಿ ಕಾರ್ಬನ್ ಮೊನಾಕ್ಸೈಡಿನ ಪಾಲು ಸುಮಾರು 0.53 ಮುಟ್ಟುತ್ತಲೇ ಇಡೀ ಮಣೆ ಅದರಿಂದ ತುಂಬಿ ಕ್ರಿಯೆ ಒಮ್ಮೆಲೇ ನಿಲ್ಲುತ್ತದೆ, ನಿಜವಾದ ಪ್ಲಾಟಿನಮ್ ವಿಷಗಟ್ಟುವ ಹಾಗೆಯೇ. ಇನ್ನೊಂದು ತುದಿಯಲ್ಲಿ ಪಾಲು 0.39ಕ್ಕಿಂತ ಕಡಿಮೆಯಾದರೆ ಮಣೆ ಆಮ್ಲಜನಕದಿಂದ ಕಟ್ಟಿಕೊಳ್ಳುತ್ತದೆ. ಇದು ನಿಜದ ಪ್ಲಾಟಿನಮ್ಮಿನಲ್ಲಿ ಆಗುವುದಿಲ್ಲ. ಎಲ್ಲಿ ಸರಿ, ಎಲ್ಲಿ ತಪ್ಪು ಎಂದು ಇಷ್ಟು ಸ್ಪಷ್ಟವಾಗಿ ತೋರಿಸಿಕೊಡುವ ಸರಳ ಮಾದರಿಯ ಮೇಲೆ ನನಗೆ ಗೌರವವಿದೆ.

ನನ್ನ ತಕರಾರು ಇರುವುದು ತಪ್ಪಾಗುವ ಅವಕಾಶವನ್ನೇ ಮಾದರಿಗೆ ಕೊಡದ ಅಭ್ಯಾಸದ ಮೇಲೆ. ಬಣ್ಣದ ನೀರನ್ನೋ ಭಾರಲೋಹ ಸೇರಿದ ನೀರನ್ನೋ ಶುದ್ಧ ಮಾಡಲು ತೆಂಗಿನ ಚಿಪ್ಪಿನ ಇದ್ದಿಲು, ಭತ್ತದ ಹೊಟ್ಟು, ಕಿತ್ತಳೆ ಸಿಪ್ಪೆ ಬಳಸುವ ಸಂಶೋಧನೆಗಳು ನಮ್ಮ ದೇಶದಲ್ಲಿ ರಾಶಿಗಟ್ಟಲೆ ಬರುತ್ತವೆ. ಉದ್ದೇಶ ಒಳ್ಳೆಯದೇ. ಅವುಗಳಲ್ಲಿ ಬಹುಪಾಲಿಗೆ ಒಂದೇ ಅಚ್ಚು: ಪುಡಿಯನ್ನು ನೀರಿಗೆ ಹಾಕಿ ಕಲಕುವುದು, ನೀರಿನಲ್ಲಿ ಉಳಿದದ್ದನ್ನು ಅಳೆಯುವುದು, ಲ್ಯಾಂಗ್ಮ್ಯೂರ್ ಸಮೀಕರಣವನ್ನು ಸರಳರೇಖೆಯ ರೂಪಕ್ಕೆ ತಿರುಗಿಸುವುದು, ಹೊಂದಾಣಿಕೆಯ ಅಂಕಿ 0.99 ಬಂತೆಂದು ಬರೆದು, ಆದ್ದರಿಂದ ಮೇಲ್ಮೈ ಏಕರೂಪವಾಗಿದೆ, ಅಣುಗಳು ಒಂದೇ ಪದರದಲ್ಲಿ ಕೂತಿವೆ ಎಂದು ತೀರ್ಮಾನಿಸುವುದು. ಕಿತ್ತಳೆ ಸಿಪ್ಪೆಯ ಮೇಲ್ಮೈ ಏಕರೂಪ!

ಆ 0.99 ಎಷ್ಟು ಅಗ್ಗವೆಂದು ಕಾಗದ ಪೆನ್ಸಿಲ್ ಹಿಡಿದು ನೋಡಬಹುದು. ನಾನು ಕಟ್ಟಿದ ಐದು ಅಂಕಿ ತೆಗೆದುಕೊಳ್ಳಿ. ನೀರಿನಲ್ಲಿ ಉಳಿದ ಪ್ರಮಾಣ 10, 20, 40, 80, 160. ಪುಡಿಗೆ ಅಂಟಿದ್ದು ಕ್ರಮವಾಗಿ 8, 12, 9, 11, 10. ಅಂಟಿದ ಪ್ರಮಾಣಕ್ಕೂ ಉಳಿದ ಪ್ರಮಾಣಕ್ಕೂ ಸಂಬಂಧವೇ ಇಲ್ಲ, ಕಣ್ಣಿಗೇ ಕಾಣುತ್ತದೆ. ಲೆಕ್ಕ ಹಾಕಿದರೆ ಹೊಂದಾಣಿಕೆ 0.02. ಈಗ ವಾಡಿಕೆಯಂತೆ ಉಳಿದದ್ದನ್ನು ಅಂಟಿದ್ದರಿಂದ ಭಾಗಿಸಿ, ಆ ಭಾಗಲಬ್ಧವನ್ನು ಮತ್ತೆ ಉಳಿದದ್ದರ ಎದುರೇ ಗುರುತಿಸಿ. 1.25, 1.67, 4.44, 7.27, 16. ಅಚ್ಚುಕಟ್ಟಾದ ಸರಳರೇಖೆ, ಹೊಂದಾಣಿಕೆ 0.994. ಒಂದೇ ಅಂಕಿಯನ್ನು ಎರಡೂ ಅಕ್ಷಗಳಲ್ಲಿ ಕೂರಿಸಿದ್ದಕ್ಕೆ ಸಿಕ್ಕ ಫಲ ಇದು. ಇಂಥ ರೇಖೆಯಿಂದ ಮೇಲ್ಮೈಯ ಗುಣಲಕ್ಷಣ ಓದುವುದು ಜಾತಕದಿಂದ ಓದಿದಷ್ಟೇ ಭರವಸೆಯದು.

ಇದು ಬರೀ ವಿದ್ವಾಂಸರ ಜಗಳವಾಗಿದ್ದರೆ ಇಷ್ಟು ಬರೆಯುತ್ತಿರಲಿಲ್ಲ. ಪಾವಗಡ, ಬಾಗೇಪಲ್ಲಿಯ ಕೊಳವೆಬಾವಿಗಳ ಫ್ಲೋರೈಡ್ ನಮಗೆಲ್ಲ ಗೊತ್ತಿರುವ ಸಂಕಟ. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ದಾಟಬಾರದು, ಬೇರೆ ಮೂಲವೇ ಇಲ್ಲದಿದ್ದರೆ 1.5ರವರೆಗೆ ಎಂಬುದು ಭಾರತೀಯ ಮಾನಕ. ಫ್ಲೋರೈಡ್ ತೆಗೆಯುವ ಹಳೆಯ, ಅಗ್ಗದ ಉಪಾಯಗಳಲ್ಲಿ ಸಕ್ರಿಯ ಅಲ್ಯುಮಿನಾದ ಸೋಸುಕ ಒಂದು. ಅಲ್ಯುಮಿನಾದ ಮೇಲ್ಮೈಯಲ್ಲಿರುವ ಹೈಡ್ರಾಕ್ಸಿಲ್ ಗುಂಪುಗಳ ಜಾಗಕ್ಕೆ ಫ್ಲೋರೈಡ್ ಅಯಾನುಗಳು ಬಂದು ಕೂರುತ್ತವೆ. ತುಂಬಿದ ಮೇಲೆ ಕಾಸ್ಟಿಕ್ ಸೋಡಾದಿಂದ ತೊಳೆದು ಅವನ್ನು ಬಿಡಿಸಿ, ಆಮ್ಲದಿಂದ ಹದಕ್ಕೆ ತಂದು ಮತ್ತೆ ಬಳಸಬೇಕು. ಪ್ರತಿ ಸಲ ತೊಳೆದಾಗಲೂ ಅಲ್ಯುಮಿನಾದ ಒಂದಿಷ್ಟು ಭಾಗ ಕರಗಿಹೋಗುತ್ತದೆ. ನಿಜದ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಒಂದೇ ಇರುವುದಿಲ್ಲ. ಬೈಕಾರ್ಬನೇಟ್, ಸಿಲಿಕಾ ಅವೇ ಜಾಗಗಳಿಗೆ ಪೈಪೋಟಿ ನಡೆಸುತ್ತವೆ, ಅವುಗಳಲ್ಲಿ ಕೆಲವು ತೊಳೆದರೂ ಸುಲಭವಾಗಿ ಬಿಡುವುದಿಲ್ಲ. ಐದನೇ ಸಲ ನೀರು ಹಾಯಿಸುವಾಗ ಅಲ್ಲಿರುವುದು ಮೊದಲ ದಿನದ ಮೇಲ್ಮೈ ಅಲ್ಲ. ಪ್ರಯೋಗಾಲಯದ ಶುದ್ಧ ನೀರಿನಲ್ಲಿ, ಹೊಸ ಪುಡಿಯ ಮೇಲೆ, ಒಂದೇ ಸಲ ಅಳೆದು ಲ್ಯಾಂಗ್ಮ್ಯೂರ್ ರೇಖೆಯಿಂದ ತೆಗೆದ ಗರಿಷ್ಠ ಸಾಮರ್ಥ್ಯದ ಅಂಕಿಯನ್ನು ನೆಚ್ಚಿ ಸೋಸುಕ ಕೂರಿಸಿದರೆ, ಅದು ಎಣಿಸಿದ ದಿನಕ್ಕಿಂತ ಮೊದಲೇ ಫ್ಲೋರೈಡನ್ನು ಹೊರಬಿಡತೊಡಗುತ್ತದೆ. ಫ್ಲೋರೈಡಿಗೆ ರುಚಿಯಿಲ್ಲ, ಬಣ್ಣವಿಲ್ಲ; ಕುಡಿಯುವವರಿಗೆ ಗೊತ್ತಾಗುವುದಿಲ್ಲ.

ಹೀಗಿರುವಾಗ ಇಂಥ ಸಂಶೋಧನೆಗಳನ್ನು ಪರಿಶೀಲಿಸುವವರು, ಹಣ ಕೊಡುವವರು ಕೇಳಬೇಕಾದ್ದು ದೊಡ್ಡ ಗಣಿತವನ್ನೇನಲ್ಲ. ಒತ್ತಡ ಅಥವಾ ಸಾಂದ್ರತೆಯನ್ನು ಏರಿಸುವಾಗಿನ ಗೆರೆಯ ಜೊತೆ ಇಳಿಸುವಾಗಿನ ಗೆರೆಯನ್ನೂ ತೋರಿಸಿ ಎನ್ನಬೇಕು. ಎರಡರ ನಡುವೆ ಅಂತರವಿದ್ದರೆ ಮೇಲ್ಮೈಗೆ ನೆನಪಿರಬಹುದು, ಅದಕ್ಕೊಂದು ಸಮೀಕರಣ ಹುಡುಕಬೇಕು. ಇಲ್ಲದಿದ್ದರೆ ಲ್ಯಾಂಗ್ಮ್ಯೂರ್ ಧಾರಾಳವಾಗಿ ಇರಲಿ. ಅಂಟಿದ್ದೆಷ್ಟು ಎಂದು ಬರೆದವರು ಬಿಟ್ಟದ್ದೆಷ್ಟು, ಎಷ್ಟು ಹೊತ್ತಿನಲ್ಲಿ ಎಂಬುದನ್ನೂ ಬರೆಯಬೇಕು. ನೀರು ಸೋಸುವ ವಸ್ತುವಾದರೆ, ಬಟ್ಟಿ ಇಳಿಸಿದ ನೀರಿನ ಬದಲು ಅದೇ ಊರಿನ ಬೋರ್‌ವೆಲ್ ನೀರು ಹಾಕಿ, ಹತ್ತನೇ ಸಲ ತೊಳೆದ ಮೇಲೆ ಅಳೆದ ಸಾಮರ್ಥ್ಯವನ್ನು ಮೊದಲ ಸಲದ್ದರ ಪಕ್ಕದಲ್ಲೇ, ಅದೇ ಕೋಷ್ಟಕದಲ್ಲಿ ಅಚ್ಚು ಮಾಡಿಸಬೇಕು.